ವಾಚನಾಲಯ ಖಾಲಿಯಿಲ್ಲ

ಕುಲಸಚಿವರು ಬರುತ್ತಾರೆಂದರೆ ವಾಚನಾಲಯದ ವಿದ್ಯಾರ್ಥಿಗಳನ್ನೆಲ್ಲ ಹೊರಗೆ ಕಳಿಸುವುದು ಆ ವಿಶ್ವವಿದ್ಯಾಲಯದ ರೂಢಿ. ಸಾಹೇಬರ ಕಣ್ಣಿಗೆ ನೆಲದ ಮೇಲೆ ಕೂತವರು ಬೀಳಬಾರದು, ಬಾಗಿಲಲ್ಲಿ ಚಪ್ಪಲಿ ರಾಶಿ ಇರಬಾರದು. ಗ್ರಂಥಪಾಲಕಿ ಮಾಧವಿಯೂ ಕೆಲಸಕ್ಕೆ ಸೇರಿದಾಗಿನಿಂದ ಹಾಗೇ ಮಾಡಿಕೊಂಡು ಬಂದಿದ್ದಳು. ಜಾಗ ಸಾಲದು, ಕುರ್ಚಿ ಬೇಕು ಎಂದು ಪದೇಪದೇ ಬರೆದು ಕಳಿಸುತ್ತಿದ್ದವಳೂ ಅವಳೇ. ತಾನು ಬರೆದದ್ದನ್ನು ತಾನೇ ಸುಳ್ಳು ಮಾಡುತ್ತಿದ್ದೇನೆ ಎಂಬುದು ಹೊಳೆಯಲು ಒಂದು ಸಭೆ ಬೇಕಾಯಿತು.

"ನಾ ಬಂದಾಗೆಲ್ಲ ಖಾಲಿನ ಇರ್ತದ," ಎಂದಿದ್ದರು ಕುಲಸಚಿವ ಶ್ರೀಪತಿ. "ಹಂಪಿ ನೋಡಾಕ ಬರೋ ಅತಿಥಿಗಳಿಗೆ ಕೋಣಿ ಮಾಡಾಕ ಅರ್ಧ ಹಾಲ್ ಕೊಡೋಣ."

ಇವತ್ತು ಆ ಅರ್ಧ ಜಾಗದ ಅಳತೆ. ಗೇಟಿನೊಳಗೆ ಕಾರು ಬಂದದ್ದೇ ಅಟೆಂಡರ್ ದುರ್ಗಕ್ಕ ಎದ್ದಳು.

"ಹುಡುಗರ್ನ ಎಬ್ಬಿಸ್ಲೇನ್ರಿ ಮೇಡಂ?"

"ಬ್ಯಾಡ ದುರ್ಗಕ್ಕ. ಓದ್ಲಿ ಬಿಡು."

"ಯವ್ವಾ! ಆಮ್ಯಾಲೆ ನಮ್ಮನ್ನ ಎಬ್ಬಿಸಿ ಕಳಿಸ್ತಾರ ನೋಡ್ರಿ!"

ಮಾಧವಿ ಬಾಗಿಲಿಗೆ ಬಂದಳು. ಒಳಗೆ ಕಂಪ್ಲಿ ಬಸ್ಸಿಗೆ ಬಂದ ವಿದ್ಯಾರ್ಥಿಗಳು, ಪಾಪಿನಾಯಕನಹಳ್ಳಿಯವರು, ಸಂಡೂರಿನ ಗಣಿಯಲ್ಲಿ ಪಾಳಿ ಮುಗಿಸಿ ಬಂದವರು ಕಪಾಟುಗಳ ಸಂದಿಯಲ್ಲೂ ಪೇಪರ್ ಹಾಸಿಕೊಂಡು ಕೂತಿದ್ದರು. ಅವಳ ಕುರ್ಚಿಯಲ್ಲೂ ಬುಕ್ಕಸಾಗರದ ಹುಡುಗಿಯೊಬ್ಬಳಿದ್ದಳು.

ಗುತ್ತಿಗೆದಾರ ಮೂಕಪ್ಪನ ಜೊತೆ ಬಂದ ಶ್ರೀಪತಿ ಹೊಸ್ತಿಲಲ್ಲೇ ನಿಂತರು.

"ಏನ್ರಿ ಇದು ಸಂತಿ?"

"ದಿನಾ ಹಿಂಗ ಇರ್ತದ ಸರ್. ನೀವು ಬರೋ ದಿನ ನಾನ ಖಾಲಿ ಮಾಡಿಸ್ತಿದ್ದೆ. ತಪ್ಪು ಮಾಡ್ದೆ."

"ಹಂಗಾದ್ರ ಈಗೂ ಮಾಡಿಸ್ರಿ. ಜಲ್ದಿ. ಅಳತಿ ಆಗ್ಲಿ."

"ಆಗಂಗಿಲ್ಲ ಸರ್. ಅವ್ರು ಕುಂತಾಗ ಅಳೀರಿ."

ಮಾಧವಿ ಬಾಗಿಲ ಒಂದು ಬದಿಗೆ ಸರಿದು ದಾರಿ ಬಿಟ್ಟಳು. ಮೂಕಪ್ಪ ಟೇಪು ಹಿಡಿದು, ತುದಿಗಾಲಲ್ಲಿ ಅವರಿವರ ನಡುವೆ ಕಾಲಿಡುತ್ತ ಒಳಗೆ ಹೋದ. ಗೋಡೆ ಮುಟ್ಟುವ ಮೊದಲೇ ಸಿಕ್ಕಿಕೊಂಡ.

"ಸಾಹೇಬ್ರ, ಟೇಪು ಯಾರ ತಲಿ ಮ್ಯಾಲೆ ಇಡ್ಲಿ?"

ಯಾರೋ ಕಿಸಕ್ಕೆಂದರು. ಒಬ್ಬರೂ ಏಳಲಿಲ್ಲ.

"ಮಾಧವಿಯವ್ರ, ನಿಮಗ ಮೆಮೊ ಕೊಡಬೇಕಾಗ್ತದ."

"ಕೊಡ್ರಿ ಸರ್. ಇಲ್ಲೇ ಕುಂತು ಬರೀರಿ ಅನ್ನೋಣಂದ್ರ, ಕುರ್ಚಿ ಇಲ್ಲ."

ಶ್ರೀಪತಿ ಅವಳನ್ನು ನೋಡಿದರು, ತುಂಬಿದ ವಾಚನಾಲಯವನ್ನು ನೋಡಿದರು. ಮೊಬೈಲ್ ಕಿವಿಗಿಟ್ಟು ಮೆಟ್ಟಿಲಿಳಿಯುತ್ತ ಯಾರಿಗೋ ಗದರಿದರು: "ವಾಚನಾಲಯ ಬ್ಯಾಡ. ಬ್ಯಾರೆ ಜಾಗ ನೋಡ್ರಿ."

ಮೆಮೊ ಸಂಜೆಗೇ ಬಂತು. ಮಾಧವಿ ನಿಂತುಕೊಂಡೇ ಅದಕ್ಕೆ ಸಹಿ ಹಾಕಿದಳು.