ಕಿವಿಯಿಂದ ಕುತ್ತಿಗೆಗೆ

ಎರಡು ಕಿವಿ, ಒಂದು ಬಾಯಿ, ಉದ್ದನೆಯ ಬಾಲ: ಇಷ್ಟೇ ನಾನು. ವಿಮಾನ ನಡೆಸುವವರ ತಲೆಯ ಮೇಲೆ ಕೂರುವ ಹೆಡ್‌ಸೆಟ್. ಯಾವುದೋ ಚಳಿಯೂರಿನ ಕಾರ್ಖಾನೆಯಲ್ಲಿ ನನ್ನನ್ನು ಜೋಡಿಸಿದರು. ಕೊನೆಯ ಮೇಜಿನಲ್ಲಿದ್ದ ಹೆಂಗಸು ನನ್ನನ್ನು ತಲೆಗೆ ಹಾಕಿಕೊಂಡು ಏನೋ ಹೇಳಿದಳು. ತನ್ನ ಮಾತು ತನಗೇ ಕೇಳಿಸಿದ ಮೇಲೆ ತಲೆಯಾಡಿಸಿ ಪೆಟ್ಟಿಗೆಗಿಟ್ಟಳು. ನಾನು ಹುಟ್ಟಿದ್ದು ಹಾಗೆ.

ನನ್ನನ್ನು ಕೊಂಡವರು ಮಂಗಳೂರಿನ ಕ್ಯಾಪ್ಟನ್ ಜಯಕರ ಬಂಗೇರ. ಅವರ ಹೆಂಡತಿ ವಾರಿಜಾ ಹಳೆಯ ಸೀರೆಯ ತುಂಡಿನಿಂದ ನನ್ನ ಎರಡೂ ಕಿವಿಗಳಿಗೆ ಗವಸು ಹೊಲಿದರು. ಬೆವರು ಹೀರಲಿ ಎಂದು.

ಬಂಗೇರರಿಗೆ ಒಂದು ಅಭ್ಯಾಸವಿತ್ತು. ವಿಮಾನ ಎತ್ತರಕ್ಕೇರಿ ನೆಟ್ಟಗೆ ಸಾಗತೊಡಗಿದರೆ ನನ್ನನ್ನು ಕುತ್ತಿಗೆಗೆ ಇಳಿಸಿಬಿಡುವರು. ಆಮೇಲೆ ರೇಡಿಯೋ ಮಾತೆಲ್ಲ ತಲೆಯ ಮೇಲಿನ ಸ್ಪೀಕರಿನಲ್ಲಿ. ಕುತ್ತಿಗೆಯಿಂದ ನನಗೆ ಕಾಣುತ್ತಿದ್ದುದು ಅವರ ಗದ್ದ. ಆ ಗದ್ದ ನೋಡಿಯೇ ಅವರ ದಣಿವು ಎಷ್ಟೆಂದು ಹೇಳುತ್ತಿದ್ದೆ. ಯಾರೂ ಕೇಳಲಿಲ್ಲ.

ಆ ದಿನ ಬೆಳಗಿನ ಜಾವಕ್ಕೆದ್ದು ಎರಡು ಊರು ಸುತ್ತಿ ದೆಹಲಿಗೆ ಬಂದಿದ್ದೆವು. ಹಿಂದಿನ ದಿನಗಳೂ ಹಾಗೇ ಕಳೆದಿದ್ದವು. ಕೆಲಸ ಮುಗಿಯಿತು ಎನ್ನುವಾಗ ಡ್ಯೂಟಿ ಹಂಚುವವನ ಫೋನ್ ಬಂತು.

"ಸರ್, ಮಂಗಳೂರಿಗೆ ಇನ್ನೊಂದೇ ಟ್ರಿಪ್. ಬೇರೆ ಪೈಲಟ್ ಸಿಗ್ತಿಲ್ಲ. ನಿಮ್ಮ ಊರೇ ಅಲ್ವಾ, ಮನೆ ಊಟಾನೂ ಆಗುತ್ತೆ."

ಬಂಗೇರರು ಫೋನಿನ ಮೇಲೆ ಅಂಗೈ ಇಟ್ಟು ಸಹಪೈಲಟ್ ಮೇಘನಾ ಹಾವನೂರಳತ್ತ ತಿರುಗಿದರು. ಹಾವೇರಿ ಕಡೆಯ ಹುಡುಗಿ. ಕ್ಯಾಪ್ಟನ್ ಆಗುವ ಹೊಸ್ತಿಲಲ್ಲಿದ್ದಳು.

"ಆಗ್ತದಾ ನಿನಗೆ?"

"ನೀವ್ ಹೂಂ ಅಂದ್ರ ನಾನೂ ಹೂಂರಿ ಸರ."

"ನಾನು ನಿನ್ನನ್ನು ಕೇಳಿದ್ದು ಮಾರಾಯ್ತಿ."

"ನಾ ನಿಮ್ಮ ಮುಖಾ ನೋಡೇ ಹೇಳಿದ್ದರಿ."

ಇಬ್ಬರೂ ನಕ್ಕರು. ಬೇಡವೆಂದರೆ ಅವಳ ಬಡ್ತಿಗೆ ಕುತ್ತು ಎಂದು ಇವರಿಗೆ ಅಂಜಿಕೆ. ತಾನು ಸೋತೆನೆಂದರೆ ಹಿರಿಯರಿಗೆ ಮುಜುಗರ ಎಂದು ಅವಳಿಗೆ. ಇದು ನನಗೆ ಹೇಗೆ ಗೊತ್ತೆಂದರೆ, ಮುಂದೆ ಇಬ್ಬರ ತಲೆಯ ಮೇಲೂ ಕೂತವನು ನಾನು.

ಹೂಂ ಎಂದು ಮಂಗಳೂರಿಗೆ ಹಾರಿದೆವು. ಮಧ್ಯಾಹ್ನದ ಬಿಸಿಲು ಬಲಗಡೆಯ ಗಾಜಿನಿಂದ ನೇರ ಅವಳ ಮುಖಕ್ಕೆ ಬೀಳುತ್ತಿತ್ತು.

"ಕಣ್ಣು ಎಳೀತಾವರಿ ಸರ."

"ಸ್ವಲ್ಪ ಒರಗು. ನಾನಿದ್ದೇನಲ್ಲ."

ಒಬ್ಬರು ಎಚ್ಚರವಿದ್ದರೆ ಇನ್ನೊಬ್ಬರು ಒರಗಬಹುದು, ಅದಕ್ಕೆ ಅನುಮತಿಯಿದೆ. ಆಗಾಗ ಕಾಕ್‌ಪಿಟ್ಟಿಗೆ ಫೋನ್ ಮಾಡಿ ಮಾತಾಡಿಸು ಎಂದು ಬಂಗೇರರು ಗಗನಸಖಿ ಜೆಸಿಂತಾಳಿಗೆ ಹೇಳಿದರು. ಮೇಘನಾಳ ನಿದ್ದೆ ಕೆಡಬಾರದೆಂದು ಸ್ಪೀಕರಿನ ದನಿ ತಗ್ಗಿಸಿದರು. ಇನ್ನು ನನ್ನನ್ನು ಕಿವಿಗೆ ಏರಿಸಿಕೊಳ್ಳಬೇಕಿತ್ತು. ಕೈ ಅರ್ಧದವರೆಗೆ ಬಂತು, ಕಣ್ಣುಜ್ಜಿಕೊಂಡಿತು, ತೊಡೆಯ ಮೇಲೆ ಬಿತ್ತು.

ಗದ್ದ ಎದೆಗೆ ತಾಗಿತು. ಅವರ ಉಸಿರು ನಿಧಾನವಾಗಿ ನನ್ನ ಬಾಯಿಗೆ ಬಡಿಯತೊಡಗಿತು.

ನೆಲದ ಮೇಲಿಂದ ಕಂಟ್ರೋಲರ್ ಕರೆದ. ಮತ್ತೆ ಕರೆದ. ಇಳಿಯಲು ಶುರುಮಾಡಿ ಎಂದ. ಆಮೇಲೆ ಹತ್ತಿರದ ಇನ್ನೊಂದು ವಿಮಾನದವರಿಗೂ ಕರೆಯಲು ಹೇಳಿದ. ಕೇಳಿಸುತ್ತಿದೆಯೇ, ಕೇಳಿಸುತ್ತಿದೆಯೇ ಎಂದು ಆ ಅಪರಿಚಿತನೂ ಕೂಗಿದ. ಎಲ್ಲವೂ ನನ್ನವರೆಗೆ ಬಂತು. ನನಗೂ ಅವರ ಕಿವಿಗೂ ನಡುವೆ ಒಂದು ಗೇಣು. ಅಷ್ಟು ದೂರದಿಂದ ಬಂದ ಮಾತಿಗೆ ಆ ಗೇಣನ್ನು ದಾಟಲಾಗಲಿಲ್ಲ.

ಜೆಸಿಂತಾ ಉಸಿರುಗಟ್ಟಿದ ಮುದುಕರೊಬ್ಬರ ಆರೈಕೆಯಲ್ಲಿ ಮುಳುಗಿದ್ದಳು. ಅವರು ಸುಧಾರಿಸಿಕೊಂಡ ಮೇಲೆ ಕಿಟಕಿಯತ್ತ ನೋಡಿ ಫೋನಿಗೆ ಓಡಿದಳು. ಕಾಕ್‌ಪಿಟ್ಟಿನ ಗಂಟೆ ಹೊಡೆಯಿತು.

"ಸರ್, ಇದೆಂತ! ಕೆಳಗೆ ಬರೀ ಸಮುದ್ರ ಉಂಟು. ಊರು ಹಿಂದೆಯೇ ಹೋಯ್ತು!"

ಬಂಗೇರರು ನನ್ನನ್ನು ಎಳೆದು ಕಿವಿಗೆ ಒತ್ತಿಕೊಂಡರು. ಕರೆಗೆ ಉತ್ತರ ಕೊಟ್ಟರು. ಕಂಟ್ರೋಲರ್ ಬೈಯಲಿಲ್ಲ. ನಿಮ್ಮ ದನಿ ಕೇಳಿ ಸಂತೋಷವಾಯಿತು ಎಂದ. ಬೈದಿದ್ದರೇ ವಾಸಿಯಿತ್ತು.

ವಿಮಾನ ಸುರಕ್ಷಿತವಾಗಿ ಇಳಿಯಿತು. ತಡವಾಯಿತೆಂದು ಗೊಣಗುತ್ತಾ ಜನ ಇಳಿದು ಹೋದರು.

ವಿಚಾರಣೆಯ ಕೋಣೆಯ ಹೊರಗೆ ನಾನು ಬಂಗೇರರ ಚೀಲದಲ್ಲಿದ್ದೆ.

"ಮಲಗು ಅಂದದ್ದು ನಾನು. ಅಷ್ಟು ಮಾತ್ರ ಹೇಳು. ದೆಹಲಿಯಲ್ಲಿ ಬಂದ ಫೋನಿನ ವಿಷಯ ಎತ್ತಬೇಡ."

"ದಣಿದಿದ್ದು ಇಬ್ರೂ ಅಲ್ಲೇನ್ರಿ ಸರ? ಹೂಂ ಅಂದಿದ್ದೂ ಇಬ್ರೂ."

"ಕ್ಯಾಪ್ಟನ್ ಆಗ್ಲಿಕ್ಕೆ ಉಂಟಲ್ಲ ನಿನಗೆ? ಬಾಯಿ ಮುಚ್ಚು."

ಅವಳು ಮುಚ್ಚಿದಳು. ಬಂಗೇರರ ಹಾರಾಟ ಅಲ್ಲಿಗೆ ನಿಂತಿತು. ಹೋಗುವಾಗ ನನ್ನನ್ನು ಅವಳ ಕೈಗಿಟ್ಟು, "ಕುತ್ತಿಗೆಗೆ ಹಾಕಬೇಡ" ಎಂದರು.

ಅವಳು ಹಾಕಲಿಲ್ಲ. ಕ್ಯಾಪ್ಟನ್ ಆದ ಮೇಲೂ, ಕಿವಿ ಕೆಂಪಾಗಿ ಉರಿದರೂ, ಇಳಿಯುವವರೆಗೆ ನಾನು ಅವಳ ಕಿವಿಯ ಮೇಲೆಯೇ. ಆದರೆ ಬಂಗೇರರ ಮನೆಗೆ ಹೋಗಲಿಲ್ಲ. ವರ್ಷಗಳು ಕಳೆದವು. ನನ್ನ ಮೆತ್ತೆ ಒಡೆಯಿತು, ಬಾಲದ ತುದಿ ಸವೆಯಿತು.

ಮತ್ತೆ ಅಂಥದೇ ಒಂದು ಮಧ್ಯಾಹ್ನ, ಅಂಥದೇ ಫೋನ್. ಅವಳು ತನ್ನ ಸಹಪೈಲಟನನ್ನು ಕೇಳಿದಳು. ಅವನು ನಕ್ಕ.

"ನೀವು ಹೂಂ ಅಂದ್ರೆ ನಾನೂ ಹೂಂ ಮೇಡಂ."

ಮೇಘನಾ ನಗಲಿಲ್ಲ. ಫೋನಿಗೆ ಹೇಳಿದಳು: "ಆಗಂಗಿಲ್ರಿ. ನಾ ದಣದೇನಿ. ಹಿಂಗಂತನ ಬರಕೋರಿ."

ಹೊರಗೆ ವಿಮಾನಕ್ಕೆ ಕಾದಿದ್ದ ಪ್ರಯಾಣಿಕರು ಅವಳಿಗೆ ಕೇಳುವಂತೆಯೇ ಆಡಿಕೊಂಡರು: "ಪೈಲಟಮ್ಮಂಗೆ ನಿದ್ದೆ ಬಂತಂತೆ!"

ಮೊದಲು ಸಿಕ್ಕಿದ ರಜೆಗೆ ಅವಳು ಬಂಗೇರರ ಮನೆಗೆ ಹೋದಳು. ಬಾಗಿಲು ತೆರೆದ ವಾರಿಜಾ ಅವಳಿಗಿಂತ ಮೊದಲು ನನ್ನನ್ನು ಗುರುತಿಸಿದರು. "ಆ ಗವಸು ಇನ್ನೂ ಉಂಟಾ!"

ಮೇಘನಾ ನಡೆದದ್ದು ಹೇಳಿದಳು. "ಬೈದರಾ?" ಎಂದರು ಬಂಗೇರರು.

"ಭಾಳ ಬೈದ್ರರಿ."

"ಬೈಲಿ. ಆ ದಿನ ಒಬ್ಬರಾದರೂ ಹೇಳಬೇಕಿತ್ತು ನೋಡು."

"ವಿಚಾರಣಿ ಒಳಗ ಕೇಳಿದಾಗರ ನಾ ಹೇಳಬೇಕಿತ್ತರಿ ಸರ."

ಬಾಯಿ ಮುಚ್ಚು ಅಂದಿದ್ದವರು ಬಂಗೇರರೇ. ವಾರಿಜಾ ಎಳನೀರು ತಂದಿಟ್ಟರು. ನನ್ನನ್ನು ಅಲ್ಲಿಯೇ ಬಿಟ್ಟು ಮೇಘನಾ ಹೊರಟಳು.

ಈಗ ನಾನು ಕೊಡೆಯ ಪಕ್ಕದ ಮೊಳೆಯಲ್ಲಿದ್ದೇನೆ. ಮಧ್ಯಾಹ್ನದ ವಿಮಾನ ಮನೆಯ ಮೇಲೆ ಹಾದು ಇಳಿಯುತ್ತದೆ. ಒಮ್ಮೊಮ್ಮೆ, ವಾರಿಜಾ ಒಳಗಿದ್ದಾಗ, ಬಂಗೇರರು ನನ್ನನ್ನು ತೆಗೆದು ಕಿವಿಗೆ ಹಾಕಿಕೊಳ್ಳುತ್ತಾರೆ. ನನ್ನ ಬಾಲ ಗಾಳಿಯಲ್ಲಿ ನೇತಾಡುತ್ತದೆ. ಅವರು ನನ್ನ ಬಾಯನ್ನು ತಮ್ಮ ತುಟಿಯ ಬಳಿ ತಂದುಕೊಂಡು, ತಗ್ಗಿದ ದನಿಯಲ್ಲಿ ಹೇಳುತ್ತಾರೆ:

"ಕೇಳಿಸ್ತಾ ಉಂಟು. ಹೇಳಿ."