ಬಾಗಿಲಲ್ಲಿ ಆಡುವ ಮಾತು

ಬುಧವಾರ ಸಂಜೆ ಮತ್ತು ಭಾನುವಾರ ಹಗಲು ಮಗು ಅಪ್ಪನದು, ಉಳಿದದ್ದೆಲ್ಲ ಅಮ್ಮನದು ಎಂದು ಕೋರ್ಟು ತೀರ್ಮಾನ ಮಾಡಿತ್ತು. ಗಂಡ ಹೆಂಡತಿ ಯಾಕೆ ಬೇರೆಯಾದರು ಎಂದು ಕೇಳಲು ಹೋಗಬೇಡಿ. ಅವನು ಒಂದು ಹೇಳುತ್ತಾನೆ, ಅವಳು ಇನ್ನೊಂದು ಹೇಳುತ್ತಾಳೆ, ಎರಡೂ ನಿಜವೇ ಇರುತ್ತವೆ, ಕೇಳಿದವರ ತಲೆ ಕೆಡುತ್ತದೆ ಅಷ್ಟೆ.

ಅವನು ಲಿಫ್ಟ್ ಮೆಕ್ಯಾನಿಕ್. ಎತ್ತರದ ಕಟ್ಟಡಗಳ ತಾರಸಿಯಲ್ಲಿರುವ ಮೋಟಾರ್ ರೂಮುಗಳಲ್ಲಿ ಅವನ ಹಗಲು ಕಳೆಯುತ್ತಿತ್ತು. ಅವನು ಬಾಡಿಗೆಗಿದ್ದ ಕಟ್ಟಡದಲ್ಲಿ ಮಾತ್ರ ಲಿಫ್ಟ್ ಇರಲಿಲ್ಲ. ಊರಿನವರನ್ನೆಲ್ಲ ಮೇಲಕ್ಕೆ ಕಳಿಸಿ ತಾನು ಏದುಸಿರು ಬಿಡುತ್ತ ಮೆಟ್ಟಿಲು ಹತ್ತುತ್ತಿದ್ದ. ಅವಳು ಹಲ್ಲಿನ ಲ್ಯಾಬಿನಲ್ಲಿ ಹಲ್ಲುಸೆಟ್ ಮಾಡುವವಳು. ಕಂಡರಿಯದವರ ಬಾಯಿಯ ಅಚ್ಚನ್ನು ಮುಂದಿಟ್ಟುಕೊಂಡು, ಒಂದೊಂದೇ ಹಲ್ಲನ್ನು ಮೇಣದಲ್ಲಿ ಕೂರಿಸಿ, ತಿದ್ದಿ, ಉಜ್ಜಿ ಹೊಳಪು ಕೊಡುವ ಕೆಲಸ. ಮಗು ಈಗಷ್ಟೇ ಮೂರು ತುಂಬಿದ ಹೆಣ್ಣು. ಹುಟ್ಟಿದಾಗ ಗುಂಡುಗುಂಡಾಗಿದ್ದಳೆಂದು ಅಪ್ಪ ಅವಳನ್ನು ಬಟಾಣಿ ಎಂದು ಕರೆಯುತ್ತಿದ್ದ.

ಅಮ್ಮ ಮಗಳು ಅಜ್ಜಿಯ ಮನೆಯಲ್ಲಿದ್ದರು. ಬಟಾಣಿಯನ್ನು ಕೊಡುವುದು, ತೆಗೆದುಕೊಳ್ಳುವುದು ಅಜ್ಜಿಯ ಪಾಲಿಗೆ ಬಂದಿತ್ತು, ಯಾಕೆಂದರೆ ಅಪ್ಪ ಅಮ್ಮ ಮುಖ ಮುಖ ನೋಡಿದರೆ ಕಿಡಿ ಹಾರುತ್ತಿತ್ತು. ಗಂಡ ಹೆಂಡತಿಯ ಸಂಬಂಧಕ್ಕೆ ಕೋರ್ಟು ಅಂತೂ ಒಂದು ಗತಿ ಕಾಣಿಸಿತ್ತು. ಅತ್ತೆ ಅಳಿಯನ ಸಂಬಂಧದ ಬಗ್ಗೆ ತುಟಿ ಪಿಟಕ್ಕೆಂದಿರಲಿಲ್ಲ. ಹಾಗಾಗಿ ಅವನು ಈಗಲೂ ‘ಅತ್ತೆ’ ಎಂದೇ ಕರೆಯುತ್ತಿದ್ದ. ಆಕೆ ಮಾತ್ರ ‘ಅಳಿಯಂದಿರೇ’ಯಿಂದ ಇಳಿದು ‘ನೋಡಿ’ಗೆ ಬಂದು ನಿಂತಿದ್ದಳು. ನೋಡಿ, ಟೋಪಿ ಹಾಕಿ ಕರ್ಕೊಂಡು ಹೋಗಿ. ನೋಡಿ, ಐಸ್‌ಕ್ರೀಮ್ ಕೊಡಿಸ್ಬೇಡಿ.

ಸಂಜೆ ಬಟಾಣಿಯನ್ನು ವಾಪಸು ತಂದಾಗ ಅವನು ಬಾಗಿಲಲ್ಲೇ ಕುಕ್ಕರಗಾಲಲ್ಲಿ ಕೂತು ಅವಳ ಶೂ ಬಿಚ್ಚುತ್ತಿದ್ದ. ಕೆನ್ನೆ ಹಿಂಡಿ, “ಬರ್ತೀನಿ ಬಟಾಣಿ,” ಎನ್ನುತ್ತಿದ್ದ. ಅತ್ತೆಗೂ ಒಂದು “ಬರ್ತೀನಿ” ಹೇಳಿ ಮೆಟ್ಟಿಲಿಳಿಯುತ್ತಿದ್ದ. ಮಗು ಅಳುತ್ತಿರಲಿಲ್ಲ. ಅವಳು ಅಳದಿರುವುದು ಅವನಿಗೆ ದೊಡ್ಡ ಸಮಾಧಾನವಾಗಿತ್ತು, ಸ್ವಲ್ಪ ಹೆಮ್ಮೆಯೂ ಇತ್ತು.

ಆ ಹೆಮ್ಮೆಯ ಗಾಳಿಯನ್ನು ತೆಗೆದವಳು ಕೋರ್ಟಿನ ಆಪ್ತ ಸಮಾಲೋಚಕಿ. ಇಬ್ಬರನ್ನೂ ಕರೆಸಿ ಒಂದೇ ಮೇಜಿನ ಎರಡು ತುದಿಗೆ ಕೂರಿಸಿದಳು. ಅವನು ಹೋಗಿದ್ದದ್ದು ಇನ್ನೊಂದು ಆಸೆ ಹೊತ್ತು: ಶನಿವಾರ ರಾತ್ರಿ ಬಟಾಣಿ ತನ್ನ ಮನೆಯಲ್ಲೇ ಉಳಿಯಲಿ ಎಂದು ಅರ್ಜಿ ಹಾಕಿದ್ದ. ಆಗಲೇ ಒಂದು ಪುಟ್ಟ ಮಂಚ ತಂದು ಜೋಡಿಸಿಯೂ ಇದ್ದ.

“ರಾತ್ರಿ ಉಳಿಸೋ ಮಾತು ಆಮೇಲೆ,” ಅಂದಳು ಹೆಂಡತಿ. ಸಮಾಲೋಚಕಿಗೆ ಹೇಳುತ್ತಿದ್ದಳು, ಅವನು ಆ ಕೋಣೆಯಲ್ಲಿ ಇದ್ದಾನೆಂದೇ ಲೆಕ್ಕಕ್ಕಿಟ್ಟುಕೊಂಡಿರಲಿಲ್ಲ. “ಬುಧವಾರ ಬಂತು ಅಂದ್ರೆ ನಂಗೆ ಭಯ ಮೇಡಂ. ಇವ್ರು ಬಿಟ್ಟು ಹೋದ ಮೇಲೆ ಮಗು ಚಪ್ಪಲಿ ಸ್ಟ್ಯಾಂಡ್ ಪಕ್ಕ ಹೋಗಿ ಬಾಗಿಲು ನೋಡ್ತಾ ಕೂತ್ಬಿಡುತ್ತೆ. ಊಟಕ್ಕೆ ಕರೆದ್ರೆ ಬರಲ್ಲ. ‘ಅಪ್ಪ ಬರ್ತಾನೆ’ ಅನ್ನುತ್ತೆ. ಅಲ್ಲೇ ತೂಕಡಿಸಿ ಗೋಡೆಗೆ ತಲೆ ಹೊಡ್ಕೊಳ್ಳುತ್ತೆ. ಎತ್ಕೊಂಡು ಹೋಗಿ ಮಲಗಿಸಿದ್ರೆ ಎದ್ದು ಮತ್ತೆ ಬಾಗಿಲಿಗೆ. ಇವ್ರು ಏನೋ ಕಿವಿ ಊದ್ತಾರೆ. ಇಲ್ಲದ ಆಸೆ ಹುಟ್ಟಿಸ್ತಾರೆ.”

“ದೇವ್ರಾಣೆ ನಾನೇನೂ ಹೇಳಿಲ್ಲ,” ಅಂದ ಅವನು.

“ಮತ್ತೆ ಮಗು ಸುಳ್ಳು ಹೇಳುತ್ತಾ?”

ಸಮಾಲೋಚಕಿ ಇಬ್ಬರ ಮಾತನ್ನೂ ಕೈಯೆತ್ತಿ ನಿಲ್ಲಿಸಿದಳು. ಕೆಟ್ಟವಳಲ್ಲ, ಆದರೆ ದಿನವಿಡೀ ಇಂಥ ಜೋಡಿಗಳನ್ನೇ ನೋಡಿ ನೋಡಿ ಅವಳ ಮುಖದಲ್ಲಿ ಆಶ್ಚರ್ಯ ಎನ್ನುವುದು ಬತ್ತಿಹೋಗಿತ್ತು. “ಮುಂದಿನ ಸಲ ಸೇರೋವರೆಗೂ ನೋಡೋಣ. ಹೀಗೇ ಆದ್ರೆ ಬುಧವಾರ ತೆಗೀಬೇಕಾಗುತ್ತೆ. ಭಾನುವಾರನೂ ಇಲ್ಲೇ, ನಮ್ಮ ಕಣ್ಣೆದುರಿಗೆ, ಆಟದ ಕೋಣೆಯಲ್ಲಿ. ಬೇಜಾರು ಮಾಡ್ಕೋಬೇಡಿ, ಮಗು ನಿದ್ದೆ ಮುಖ್ಯ.”

ಆ ಆಟದ ಕೋಣೆಯನ್ನು ಅವನು ಕಾರಿಡಾರಿನಲ್ಲಿ ಹೋಗುವಾಗ ನೋಡಿದ್ದ. ಗಾಜಿನ ಗೋಡೆ, ನೆಲಕ್ಕೆ ರಬ್ಬರ್ ಚಾಪೆ, ಮೂಲೆಯಲ್ಲಿ ಒಬ್ಬ ಗುಮಾಸ್ತ. ಕಣ್ಣು ಕಿತ್ತುಹೋದ ಕರಡಿಯೊಂದನ್ನು ಹಿಡಿದು ಒಬ್ಬ ಅಪ್ಪ ತನ್ನ ಮಗನನ್ನು ನಗಿಸಲು ಒದ್ದಾಡುತ್ತಿದ್ದ. ಮಗ ಗುಮಾಸ್ತನನ್ನು ನೋಡುತ್ತಿದ್ದ. ನನ್ನ ಗತಿಯೂ ಇದೇ ಆಗುತ್ತದೆ ಎಂದುಕೊಂಡ.

ಹೆಂಡತಿ ಹಗೆ ಸಾಧಿಸುತ್ತಿದ್ದಾಳೆ ಎಂದುಕೊಂಡರೆ ಸಲೀಸಾಗಿತ್ತು. ಮೂರು ದಿನ ಹಾಗೇ ಅಂದುಕೊಂಡು ಹಲ್ಲು ಕಡಿದ. ಭಾನುವಾರ ಬಟಾಣಿ ಬಂದಾಗ ಅದೂ ಕೈಬಿಟ್ಟಿತು.

ಅಂದು ಲಿಫ್ಟ್ ಆಟ. ಬಟ್ಟೆಯ ಕಪಾಟಿಗೂ ಗೋಡೆಗೂ ನಡುವಿನ ಸಂದು ಲಿಫ್ಟು, ಕಿಟಕಿಯ ಪರದೆ ಅದರ ಬಾಗಿಲು. ಅಪ್ಪ ಒಳಗೆ ಸಿಕ್ಕಿಕೊಂಡವನು, ಬಟಾಣಿ ಮೆಕ್ಯಾನಿಕ್. ಪರದೆ ಎಳೆದು, “ಬರ್ತೀನಿ!” ಎಂದು ಗತ್ತಿನಿಂದ ಹೇಳಿ ಅಡುಗೆಮನೆ ಕಡೆ ಓಡಿದಳು. ಒಂದು ಉಸಿರಿನಲ್ಲಿ ತಿರುಗಿ ಬಂದು ಪರದೆ ಸರಿಸಿದಳು.

“ಇಷ್ಟು ಬೇಗ ಬಂದ್ಬಿಟ್ಯಾ?” ಎಂದು ನಕ್ಕ ಅವನು. “ಅಪ್ಪ ಇನ್ನೂ ಸ್ವಲ್ಪ ಹೊತ್ತು ಒಳಗೆ ಕೂಗಾಡ್ತಿದ್ದ.”

“ಬರ್ತೀನಿ ಅಂದೆ. ಬಂದೆ,” ಅಂದಳು ಬಟಾಣಿ. ದಡ್ಡನಿಗೆ ತಿಳಿಸಿ ಹೇಳುವ ದನಿ. “ಅಮ್ಮ ಬರ್ತೀನಿ ಅಂತಾಳೆ, ಆಫೀಸಿಂದ ಬರ್ತಾಳೆ. ಅಜ್ಜಿ ಬರ್ತೀನಿ ಅಂತಾಳೆ, ಅಂಗಡಿಯಿಂದ ಬರ್ತಾಳೆ. ನೀನು ಬರ್ತೀನಿ ಅಂತೀಯ. ಬರೋದೇ ಇಲ್ಲ.”

ಅವನು ಸಂದಿನಲ್ಲೇ ಕೂತುಬಿಟ್ಟ. ಕಿವಿ ಊದಿದವನು ತಾನೇ, ಅದೂ ಅಜ್ಜಿಯ ಎದುರಿಗೇ, ಗಟ್ಟಿಯಾಗಿ, ವಾರಕ್ಕೆರಡು ಸಲ. ಹೊರಡುವವರು ಯಾರು ತಾನೆ ‘ಹೋಗ್ತೀನಿ’ ಅನ್ನುತ್ತಾರೆ? ಸಾಲ ಕೇಳಲು ಬಂದವನೂ, ಜಗಳವಾಡಿ ಎದ್ದವನೂ ‘ಬರ್ತೀನಿ’ ಎಂದೇ ಚಪ್ಪಲಿ ಮೆಟ್ಟುತ್ತಾರೆ. ಹೇಳಿದವನಿಗೂ, ಕೇಳಿದವನಿಗೂ ಅವನು ಇನ್ನು ಬರುವುದಿಲ್ಲವೆಂದು ಗೊತ್ತಿರುತ್ತದೆ. ಈ ಮಗುವಿಗೆ ಯಾರೂ ಅದನ್ನು ತಿಳಿಸಿರಲಿಲ್ಲ. ಅದು ಮಾತನ್ನು ಮಾತಿನಂತೆ ನಂಬಿ ಬಾಗಿಲಲ್ಲಿ ಕೂತಿತ್ತು.

ಆ ಸಂಜೆ ಅವನು ಮಾತನ್ನು ತಿದ್ದಿ ನೋಡಿದ. “ಬುಧವಾರ ಬರ್ತೀನಿ ಬಟಾಣಿ,” ಅಂದ. ಮೂರು ವರ್ಷದವಳಿಗೆ ಬುಧವಾರವೂ ಒಂದೇ, ಬಸವನಹುಳುವೂ ಒಂದೇ. “ಹೂಂ, ಬಾ,” ಎಂದು ಅಲ್ಲೇ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಜಾಗ ಮಾಡಿಕೊಂಡಳು. ಉಳಿದದ್ದು ಒಂದೇ ದಾರಿ. ಆ ದಾರಿಗೆ ಅವನ ನಾಲಿಗೆಯೇ ಅಡ್ಡ. ಹುಟ್ಟಿದಾಗಿನಿಂದ ಆಡದ ಮಾತು, ಮೂವತ್ತು ದಾಟಿದ ಮೇಲೆ ಸುಲಭಕ್ಕೆ ಹೊರಳುತ್ತದೆಯೇ? ಮೋಟಾರ್ ರೂಮಿನಲ್ಲಿ ಬ್ರೇಕಿಗೆ ಹತ್ತಿದ ಎಣ್ಣೆ ಒರೆಸುತ್ತ ರೂಢಿ ಮಾಡಿಕೊಂಡ: ನಾನು ಹೋಗ್ತೀನಿ. ಹೋಗ್ತೀನಿ.

“ಎಲ್ಲಿಗೋ?” ಎಂದು ಜೊತೆಗಾರ ಗಾಬರಿಯಿಂದ ತಲೆ ಎತ್ತಿದ. “ಕೆಲ್ಸ ಬಿಡ್ತಿದೀಯಾ?”

“ಎಲ್ಲಿಗೂ ಇಲ್ಲ. ಸ್ಪ್ಯಾನರ್ ಕೊಡು.”

ಬುಧವಾರ ಬಟಾಣಿಯನ್ನು ವಾಪಸು ತಂದು ಅಜ್ಜಿಯ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತ. ಒಂದು ಶೂ ಬಿಚ್ಚಿದ, ಇನ್ನೊಂದು ಬಿಚ್ಚಿದ, ಬಿಚ್ಚಲು ಮತ್ತೇನೂ ಉಳಿಯಲಿಲ್ಲ.

“ಬಟಾಣಿ, ನಾನು ಹೋಗ್ತೀನಿ. ಇವತ್ತು ಬರಲ್ಲ.”

“ಅಯ್ಯೋ! ಬಿಡ್ತು ಅನ್ನಿ!” ಅಜ್ಜಿ ಎದೆ ಮುಟ್ಟಿಕೊಂಡಳು. “ಮುಸ್ಸಂಜೆ ಹೊತ್ತು, ಮಗು ಮುಂದೆ, ಇದೆಂಥ ಬಾಯಿ ನಿಮ್ದು? ಒಳ್ಳೇ ಮಾತಲ್ಲಿ ಬರ್ತೀನಿ ಅನ್ನಿ!”

“ಇಲ್ಲ ಅತ್ತೆ. ಹೋಗ್ತೀನಿ.”

ಬಟಾಣಿ ಅವನ ಮುಖವನ್ನೇ ನೋಡಿದಳು. ನಂಬಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಬಾಯಿ ದೊಡ್ಡದಾಗಿ ತೆರೆದು ಅತ್ತಳು. ಇಷ್ಟು ದಿನದ ಬಾಕಿಯನ್ನೆಲ್ಲ ಒಟ್ಟಿಗೆ ತೀರಿಸುವವಳಂತೆ ಅತ್ತಳು. ಅವನು ಮೆಟ್ಟಿಲಿಳಿದು ಬೀದಿಗೆ ಬಂದರೂ ಆ ಅಳು ಕೇಳುತ್ತಿತ್ತು. ಮಾಡಿದ್ದು ಸರಿ ಎಂದು ಅವನಿಗೆ ಒಂದು ಕ್ಷಣವೂ ಅನ್ನಿಸಲಿಲ್ಲ. ಬಸ್ ಸ್ಟಾಪಿನಲ್ಲಿ ನಿಂತು, ತನ್ನ ಬುಧವಾರವನ್ನು ತಾನೇ ಕೈಯಾರೆ ಕೊಂದೆ ಎಂದುಕೊಂಡ.

ಮತ್ತೆ ಮೇಜಿನ ಎರಡು ತುದಿಗೆ ಕೂತಾಗ ಸಮಾಲೋಚಕಿ ಶುರು ಮಾಡಿದ್ದು ಅಲ್ಲಿಂದಲೇ. “ಮಗು ಎದುರಿಗೆ ‘ನಾನು ಹೋಗ್ತೀನಿ, ಬರಲ್ಲ’ ಅಂದ್ರಂತೆ. ಅಜ್ಜಿ ಫೋನ್ ಮಾಡಿ ತುಂಬ ನೊಂದ್ಕೊಂಡ್ರು.”

ಅವನು ಹೇಳಿದ. ಹೇಳಲು ಬರುವವನಲ್ಲ. ಪರದೆ, ಕಪಾಟು, ಬಸವನಹುಳು, ಎಲ್ಲ ಕಲಸಿಹೋಯಿತು. ಕೊನೆಗೆ, “ಬರ್ತೀನಿ ಅಂದ್ರೆ ಬರ್ತಾರೆ ಅಂದ್ಕೊಂಡಿತ್ತು ಮೇಡಂ ಅದು. ನಾವೆಲ್ಲ ಹಂಗೇ ಅಂತೀವಲ್ಲ. ನಂಗೂ ಹೊಳೀಲಿಲ್ಲ,” ಎಂದು ಮೇಜು ನೋಡುತ್ತ ಕೂತ.

ಸಮಾಲೋಚಕಿ ಹೆಂಡತಿಯ ಕಡೆ ತಿರುಗಿದಳು. “ಆವತ್ತು ರಾತ್ರಿ ಏನಾಯ್ತು?”

ಇಲ್ಲಿ ಅವಳು ಒಂದು ಮಾತು ನುಂಗಿಕೊಂಡಿದ್ದರೆ ಎಲ್ಲ ಅವಳು ಕೇಳಿದಂತೆಯೇ ಆಗುತ್ತಿತ್ತು. ‘ತುಂಬ ಅತ್ತಳು’ ಎಂದು ಅಲ್ಲಿಗೇ ನಿಲ್ಲಿಸಿದ್ದರೂ ಸಾಕಿತ್ತು, ಅದು ಸುಳ್ಳೂ ಆಗುತ್ತಿರಲಿಲ್ಲ. ಅವನಿಗೆ ಅದು ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಅವಳು ಬೆರಳ ಸಂದಿಯಲ್ಲಿ ಒಣಗಿದ ಅಚ್ಚಿನ ಪ್ಲಾಸ್ಟರ್ ಕೆರೆಯುತ್ತ ಕೂತಿದ್ದಳು.

“ತುಂಬ ಅತ್ತಳು,” ಅಂದಳು. “ಆಮೇಲೆ ಹಸಿವು ಅಂದಳು. ಊಟ ಮಾಡಿ ಮಲಗಿದಳು. ಬಾಗಿಲ ಹತ್ರ ಹೋಗ್ಲಿಲ್ಲ. ಭಾನುವಾರನೂ ಹೋಗ್ಲಿಲ್ಲ.”

ಸಮಾಲೋಚಕಿಯ ಮುಖದಲ್ಲಿ ಬಹಳ ಕಾಲದ ಮೇಲೆ ಸ್ವಲ್ಪ ಆಶ್ಚರ್ಯ ಕಾಣಿಸಿತು. ಬುಧವಾರ ಉಳಿಯಿತು. ಶನಿವಾರ ರಾತ್ರಿಯೂ ಒಂದು ಸಲ ಆಗಲಿ, ಮಗು ಹೇಗಿರುತ್ತದೋ ನೋಡಿಕೊಂಡು ಮುಂದುವರಿಸೋಣ ಎಂದಳು. ಹೊರಗೆ ಕಾರಿಡಾರಿನಲ್ಲಿ ಅವನು ಹೆಂಡತಿಗೆ ಏನಾದರೂ ಹೇಳಬೇಕೆಂದು ಹೆಜ್ಜೆ ಚುರುಕು ಮಾಡಿದ. ಅವಳು ಆಗಲೇ ಮೆಟ್ಟಿಲಿಳಿದಾಗಿತ್ತು.

ಶನಿವಾರ ಸಂಜೆ ಬಟಾಣಿಯನ್ನು ಅವನ ಮನೆಗೆ ಕರೆತಂದವಳು ಅಜ್ಜಿಯಲ್ಲ, ಹೆಂಡತಿಯೇ. ಹೊಸಿಲ ಹೊರಗೇ ನಿಂತಳು. ಒಳಗೆ ಬಾ ಎನ್ನಲು ಅವನಿಗೆ ಬಾಯಿ ಬರಲಿಲ್ಲ, ಬರಲು ಅವಳಿಗೆ ಕಾಲೂ ಬರುತ್ತಿರಲಿಲ್ಲ. ಬಾಗಿಲ ಚೌಕಟ್ಟಿಗೆ ಹೇಳುವಂತೆ ಹೇಳಿದಳು: “ಹಾಲಿಗೆ ಸಕ್ಕರೆ ಬೇಡ. ರಾತ್ರಿ ಎದ್ದು ನೀರು ಕೇಳ್ತಾಳೆ. ಲೈಟ್ ಪೂರ್ತಿ ಆರಿಸ್ಬೇಡಿ, ಹೆದರ್ತಾಳೆ.”

“ಹೂಂ,” ಅಂದ ಅವನು.

ಬಟಾಣಿ ಒಳಗೆ ಓಡಿ ಹೊಸ ಮಂಚದ ಮೇಲೆ ಕುಣಿದು, ಅದರ ಸುದ್ದಿ ಹೇಳಲು ಮತ್ತೆ ಹೊಸಿಲಿಗೆ ಬಂದಳು. ಅಮ್ಮ ಬಗ್ಗಿ ಅವಳ ಅಂಗಿಯ ಕಾಲರ್ ಸರಿಮಾಡಿದಳು. ಸರಿಯಾಗಿಯೇ ಇದ್ದದ್ದನ್ನು ಇನ್ನೊಮ್ಮೆ ಸರಿಮಾಡಿದಳು.

“ಆಯ್ತು ಕಂದ. ಅಮ್ಮ ಬರ್...” ಎಂದು ತಡೆದು ನಿಂತಳು.

ಬಟಾಣಿ ತಲೆ ಎತ್ತಿದಳು. ಹಾಲು ಬೇಕಾ ನೀರು ಬೇಕಾ ಎಂದು ಕೇಳಿದಷ್ಟೇ ಸಲೀಸಾಗಿ ಕೇಳಿದಳು: “ಬರ್ತೀಯಾ? ಹೋಗ್ತೀಯಾ?”

ಅವಳು ಗಂಡನ ಮುಖ ನೋಡಿದಳು. ಹಾಗೆ ನೇರವಾಗಿ ನೋಡದೆ ಎಷ್ಟೋ ಕಾಲವಾಗಿತ್ತು. ಹೇಳಿಕೊಟ್ಟದ್ದು ನೀವು, ಈಗ ನೀವೇ ಏನಾದರೂ ಹೇಳಿ ಬಿಡಿಸಿ ಎನ್ನುವಂತಿತ್ತು ಆ ನೋಟ. ಅವನಿಗೆ ಹೇಳಬೇಕೆನಿಸಿತು, ಅಮ್ಮ ನಾಳೆ ಬರ್ತಾಳೆ ಬಟಾಣಿ ಎನ್ನಲು ಬಾಯಿ ತೆರೆದದ್ದೂ ಉಂಟು. ಅದನ್ನು ಹೇಳಿದರೆ ಈ ರಾತ್ರಿ ಮಗು ಇದೇ ಬಾಗಿಲಲ್ಲಿ ಕೂರುತ್ತದೆ. ಬಾಯಿ ಮುಚ್ಚಿದ.

“ಹೋಗ್ತೀನಿ,” ಅಂದಳು ಅವಳು. ಇನ್ನೊಮ್ಮೆ ಹೇಳಿದಳು. “ಹೋಗ್ತೀನಿ ಕಂದ. ಇವತ್ತು ಬರಲ್ಲ.”

“ಸರಿ. ಹೋಗು,” ಅಂದಳು ಬಟಾಣಿ. ಮಂಚದ ಕಡೆ ಓಡಿಬಿಟ್ಟಳು.

ಅವನಿಗಾದರೂ ಮಗುವಿನ ಅಳು ಸಿಕ್ಕಿತ್ತು. ಇವಳಿಗೆ ಅದೂ ಸಿಗಲಿಲ್ಲ. ಖಾಲಿಯಾದ ಹೊಸಿಲನ್ನು ನೋಡಿ, ಚೀಲದ ಪಟ್ಟಿ ಹೆಗಲಿಗೇರಿಸಿಕೊಂಡು ತಿರುಗಿದಳು. ಮೆಟ್ಟಿಲ ಮೇಲೆ ಅವಳ ಚಪ್ಪಲಿಯ ಸದ್ದು ಇಳಿಯುತ್ತ ಹೋಯಿತು. ಕೆಳಗಿನ ತಿರುವಿನಲ್ಲಿ ನಿಂತಿತು. ಮುಂದಕ್ಕೆ ಇಳಿಯಲೂ ಇಲ್ಲ, ಹಿಂದಕ್ಕೆ ಹತ್ತಲೂ ಇಲ್ಲ.

“ಅಪ್ಪಾ, ಬಾ ಇಲ್ಲಿ!” ಒಳಗಿನಿಂದ ಬಟಾಣಿ ಕೂಗಿದಳು. ಮಂಚ ಕಿರ್ರೆನ್ನುತ್ತಿತ್ತು, ಅವಳು ಏನೋ ಹಾಡುತ್ತಲೂ ಇದ್ದಳು.

“ಬಂದೆ,” ಎಂದು ಅವನು ಒಳಗೆ ಹೋದ. ಬಾಗಿಲನ್ನು ಮಾತ್ರ ಮುಚ್ಚಲಿಲ್ಲ. ಮಗುವಿನ ದನಿ ಕೆಳಗಿನವರೆಗೆ ಕೇಳುವಷ್ಟು ತೆರೆದೇ ಇಟ್ಟ.