ಹುಳು ಕೊರೆದ ಹಾದಿ

ಎಲ್ಲವನ್ನೂ ಕಾಣುವವನೇ, ಕಂಡೂ ತಾಳುವವನೇ, ನಿನ್ನನ್ನು ನೆನೆದು ತೊಡಗುತ್ತೇನೆ. ನಿನ್ನ ಮಾತನ್ನು ನಿನ್ನದಾಗಿಯೇ ಹೇಳುವಂತೆ ನನ್ನ ನಾಲಗೆಯನ್ನು ಕಾಯಿ. ಅದು ಒಮ್ಮೆ ತಪ್ಪಿದೆ.

ನಮ್ಮ ಪ್ರಾರ್ಥನಾ ಮಂದಿರದಲ್ಲಿ ಮೂವತ್ತೈದು ವರ್ಷಗಳಿಂದ ಪುರಾತನ ಗ್ರಂಥವನ್ನು ಓದಿ ಅರ್ಥ ಹೇಳುವವನು ನಾನು. ಅದರಲ್ಲಿ ಜನ ಉಸಿರು ಬಿಗಿಹಿಡಿದು ಕೇಳುತ್ತಿದ್ದುದು ಮಣ್ಣುಗಾಳಿಯ ಕಥೆ. ಒಬ್ಬ ಹೆಂಗಸು ರೋಗಿಯಾದ ಪರದೇಶಿಗೆ ಕೋಟೆಯ ಬಾಗಿಲು ತೆರೆಯುತ್ತಾಳೆ. ದೇವರ ಕೋಪವು ಮಣ್ಣಾಗಿ ಸುರಿಯುತ್ತದೆ. ಜನ ಅವರಿಬ್ಬರನ್ನೂ ಹೊರದಬ್ಬುತ್ತಾರೆ. ತೆರೆಯಬಾರದ ಬಾಗಿಲನ್ನು ತೆರೆದದ್ದಕ್ಕೆ ಬಂದ ಶಿಕ್ಷೆಯಿದು ಎಂದೇ ನಾನು ವಿವರಿಸುತ್ತ ಬಂದಿದ್ದೆ.

ಕಳೆದ ವಾರ ನಮ್ಮ ಬೀದಿಯ ಸೂಲಗಿತ್ತಿ ಜ್ವರದಿಂದ ಕುಸಿದಿದ್ದ ದಾರಿಹೋಕನೊಬ್ಬನನ್ನು ತನ್ನ ಮನೆಯಲ್ಲಿ ಮಲಗಿಸಿಕೊಂಡಳು. ಅರ್ಧ ಬೀದಿಯನ್ನು ಭೂಮಿಗೆ ಇಳಿಸಿಕೊಂಡವಳಾದ್ದರಿಂದ ಎಲ್ಲರಿಗೂ ಅವಳು ದೊಡ್ಡಮ್ಮ. ಮರುದಿನವೇ ಬಿರುಗಾಳಿಗೆ ಮಂದಿರದ ತಗಡಿನ ಮಾಡು ಹಾರಿತು. ಜನ ಎರಡಕ್ಕೂ ಗಂಟುಹಾಕಿದರು. ಇಂದು ಮಧ್ಯಾಹ್ನ ಸಭೆಯಲ್ಲಿ ನಾನು ಆ ಕಥೆಯನ್ನು ಓದುವುದು, ಆಮೇಲೆ ದೊಡ್ಡಮ್ಮ ಬೀದಿ ಬಿಡುವುದು ಎಂದು ನಿಶ್ಚಯವಾಗಿತ್ತು. ನನ್ನ ಮಗನೂ ಅವಳ ಕೈಯಲ್ಲೇ ಹುಟ್ಟಿದವನು. ಆದರೆ ಗ್ರಂಥವೇ ಹೇಳಿದ ಮೇಲೆ ನಾನು ಯಾರು?

ಮಳೆಗೆ ನೆನೆದ ಆ ಗ್ರಂಥದ ದಾರ ಬಿಚ್ಚಿ, ಹೊಸ ರಟ್ಟು ಕಟ್ಟಲು ನನ್ನ ಸೊಸೆ ಕುಳಿತಿದ್ದಳು. ಪುಸ್ತಕ ಕಟ್ಟುವುದು ಅವಳ ಕಸುಬು. ಬೆಳಗ್ಗೆ ಹತ್ತರ ಹೊತ್ತಿಗೆ ಒಳಕೋಣೆಯಿಂದ ಅವಳ ಕೂಗು ಕೇಳಿತು.

"ಮಾವಾ! ಓಡಿ ಬನ್ನಿ! ಚಪ್ಪಲಿ ಆಮೇಲೆ ಹುಡುಕಿ!"

ಬರಿಗಾಲಲ್ಲೇ ಓಡಿದೆ. ಮೇಜಿನ ಮೇಲೆ ಮಣ್ಣುಗಾಳಿಯ ಕಥೆಯ ನಾಲ್ಕು ಹಾಳೆಗಳಿದ್ದವು.

"ಇದಕ್ಕೆ ಪುಟದ ನಂಬರ್ ಯಾಕಿಲ್ಲ?"

"ಆ ಕಾಲದಲ್ಲಿ ಹಾಕ್ತಿರಲಿಲ್ಲಮ್ಮ."

"ಹುಳು ಹಾಕಿದೆ, ನೋಡಿ!" ಅವಳು ತೂತಿನ ಪಕ್ಕ ಬೆರಳಿಟ್ಟಳು. "ಬಾಗಿಲು ತೆಗೆಯೋ ಹಾಳೇಲಿ ತೂತು ಬಟಾಣಿ ಗಾತ್ರ. ಅದರ ಬೆನ್ನಿಗಿರೋ ಮಣ್ಣುಗಾಳಿ ಹಾಳೇಲಿ ಸೂಜಿಮೊನೆಯಷ್ಟು. ಆಮೇಲಿನ ಎರಡರಲ್ಲಿ ಮತ್ತೆ ದೊಡ್ಡದು! ಹುಳು ನಡುವೆ ಒಂದು ಹಾಳೆ ಉಪವಾಸ ಮಾಡ್ತಾ?"

ಅವಳು ಮಣ್ಣುಗಾಳಿಯ ಹಾಳೆಯನ್ನು ಎಳೆದು ಕೊನೆಗಿಟ್ಟಳು. ತೂತು ಹಾಳೆಯಿಂದ ಹಾಳೆಗೆ ಒಂದೇ ಸಮನೆ ಕಿರಿದಾಗುತ್ತ ಹೋಯಿತು. ಸೂಜಿ ಇಳಿಬಿಟ್ಟಳು, ನಾಲ್ಕನ್ನೂ ದಾಟಿ ನೆಟ್ಟಗೆ ಕೆಳಗಿಳಿಯಿತು.

ನಾನು ಆ ಕ್ರಮದಲ್ಲಿ ಓದಿದೆ. ಹೆಂಗಸು ಬಾಗಿಲು ತೆರೆಯುತ್ತಾಳೆ. ಜನ ಅವಳನ್ನೂ ರೋಗಿಯನ್ನೂ ಹೊರದಬ್ಬುತ್ತಾರೆ. ಬಾಗಿಲು ಜಡಿದು, ಒಳಗೆ ಕೇಕೆ ಹಾಕಿ ನಗುತ್ತಾರೆ. ಕೋಪವು ಇಳಿಯುವುದು ಆಮೇಲೆ! 'ಮಣ್ಣು ಗೋಡೆಯೊಳಗೆ ಸುರಿಯಿತು. ಗೋಡೆಯಾಚೆ ಕುಳಿತವರ ಕಣ್ಣಿಗೆ ಒಂದು ಕಣವೂ ತಾಗಲಿಲ್ಲ' ಎಂಬ ಆ ಹಾಳೆಯ ಕೊನೆಯ ಮಾತಿಗೆ ಮೂವತ್ತೈದು ವರ್ಷ ನಾನು ತಿಣುಕಿ ಅರ್ಥ ಕಟ್ಟಿದ್ದೆ. ಆಚೆ ಕುಳಿತವರು ಕಾಡುಮೃಗಗಳು ಎಂದೂ ಹೇಳಿದ್ದುಂಟು. ಈಗ ಆ ಹೆಂಗಸು, ರೋಗಿ ಇಬ್ಬರೂ ಗೋಡೆಯಾಚೆ ಕಣ್ಣೆದುರು ಕುಳಿತಿದ್ದರು!

"ಇದನ್ನ ಕಟ್ಟಿದ ಪುಣ್ಯಾತ್ಮ ಯಾರು ಮಾವ? ಸಿಕ್ಕಿದ್ರೆ ಕಿವಿ ಹಿಂಡ್ತೀನಿ!"

ನಾನು ತಲೆ ಬಗ್ಗಿಸಿ ಕಿವಿ ಮುಂದೊಡ್ಡಿದೆ. "ತಗೋಮ್ಮ, ಹಿಂಡು."

ಅವಳು ನಾಲಗೆ ಕಚ್ಚಿಕೊಂಡಳು. ಹೌದು, ನಾನೇ. ಓದಲು ಕುಳಿತ ಮೊದಲ ವರ್ಷ ದಾರ ಬಿಚ್ಚಿ ಹಾಳೆಗಳನ್ನು ಬಿಸಿಲಿಗೆ ಹರಡಿದ್ದೆ, ಗಾಳಿಗೆ ಚೆದುರಿದವು. ಪ್ರತಿ ಹಾಳೆಯಲ್ಲೂ ಮಾತು ಮುಗಿದೇ ನಿಲ್ಲುವುದರಿಂದ ಯಾವುದನ್ನು ಎಲ್ಲಿಟ್ಟರೂ ಹೊಂದುತ್ತಿತ್ತು. ಬಾಗಿಲು ತೆರೆದದ್ದೇ ಪಾಪವಾಗಿರಬೇಕೆಂದು ಕೋಪದ ಹಾಳೆಯನ್ನು ಅದರ ಬೆನ್ನಿಗಿಟ್ಟು ಕಟ್ಟಿದೆ. ತೂತುಗಳು ಆಗಲೇ ಇದ್ದವು, ಹುಳುವನ್ನು ಕೇಳಲಿಲ್ಲ.

ಸಭೆಯಲ್ಲಿ ಇದೆಲ್ಲವನ್ನೂ ಹೇಳಿ, ಹಾಳೆಗಳನ್ನು ಬೆಳಕಿಗೆ ಹಿಡಿದು ತೋರಿಸಿದೆ. ದೊಡ್ಡಮ್ಮ ಹೋಗಲೇಬೇಕೆಂದು ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದ ದರ್ಜಿ ಎದ್ದು ನಿಂತ.

"ಹಾಗಾದ್ರೆ ಮಾಡು ಹಾರಿದ್ದು ಯಾರ ಪಾಪಕ್ಕೆ ಸ್ವಾಮಿ?"

ನಾನು ಬಾಯಿ ತೆರೆಯುವ ಮೊದಲೇ ಬಡಗಿ ಗದರಿದ: "ಮೊಳೆ ತುಕ್ಕು ಹಿಡಿದಿತ್ತು ಕಣಯ್ಯಾ! ಎರಡು ವರ್ಷದಿಂದ ಬಡ್ಕೊಂಡೆ, ಯಾರಾದ್ರೂ ಕಿವಿಗೆ ಹಾಕ್ಕೊಂಡ್ರಾ?"

ಸಭೆ ಘೊಳ್ಳೆಂದಿತು.

"ಮಾಡಿನ ವಿಷಯ ಗ್ರಂಥದಲ್ಲಿಲ್ಲ," ಎಂದೆ. "ಇದ್ದದ್ದನ್ನೇ ನಾನು ತಿರುವುಮುರುವು ಮಾಡಿದ್ದೆ. ಆದರೆ ನಾವು ಗೋಡೆಯ ಯಾವ ಕಡೆ ಇದ್ದೇವೆ ಅನ್ನೋದನ್ನ ಈಗಲೇ ನೋಡಿಕೊಳ್ಳಬೇಕು."

ದರ್ಜಿ ಮೆಲ್ಲನೆ ಹೊರಟ. "ಆ ಮನುಷ್ಯನಿಗೆ ಹೊದಿಯೋಕೆ ಏನಿದೆಯೋ," ಎಂದು ಗೊಣಗಿ, ಅಂಗಡಿಗೆ ಹೋಗಿ ಕಂಬಳಿಯೊಂದನ್ನು ಹೆಗಲಿಗೇರಿಸಿಕೊಂಡ. ನಾವೆಲ್ಲ ಅವನ ಹಿಂದೆ ನಡೆದೆವು.

ದೊಡ್ಡಮ್ಮ ಗಂಟು ಕಟ್ಟಿಟ್ಟು, ರೋಗಿಗೆ ಗಂಜಿ ಕುಡಿಸುತ್ತಿದ್ದಳು. ಬಾಗಿಲು ತೆರೆದೇ ಇತ್ತು. ನಮ್ಮ ಗುಂಪನ್ನು ಕಂಡು ದಡಬಡಿಸಿ ಎದ್ದಳು.

"ಇಷ್ಟು ಜನ! ಯಾರಿಗೆ ಹೆರಿಗೆ?"

"ನನಗೇ ಅಂತ ತಿಳ್ಕೊ ದೊಡ್ಡಮ್ಮ," ಎಂದೆ. "ಮೂವತ್ತೈದು ವರ್ಷ ತಡವಾಯಿತು." ಅವಳ ಗಂಟನ್ನು ನಾನೇ ಬಿಚ್ಚಿದೆ.

ಇದನ್ನು ಕೇಳಿದವರ ಮನೆಬಾಗಿಲಿಗೆ ಬಂದವರು ತಣಿದು ಹೋಗಲಿ. ತಪ್ಪಿದ ಹಾಳೆಗಳು ಇರುಳಾಗುವ ಮೊದಲೇ ತಮ್ಮ ಎಡೆ ಸೇರಲಿ. ಕಾಣುವವನ ಕಣ್ಣು ಎಲ್ಲರ ಮೇಲೂ ತಂಪಾಗಿರಲಿ.